‘ಅತಿಬಳಕೆ’ : ಪದದ ಅರ್ಥ, ಪ್ರಯೋಗ ಮತ್ತು ವಿಜಯಪುರ ಸೀಮೆಯ ನೀರು

ಒಂದು ನಾಡಿನ ಜನರ ನಾಲಗೆಯ ಮೇಲೆ ಯಾವ ಮಾತು ಮೇಲಿಂದ ಮೇಲೆ ಸುಳಿಯುತ್ತದೆಂಬುದನ್ನು ಅರಿತರೆ ಆ ನಾಡಿನ ಸುಖದುಃಖಗಳ ಒಳಗುಟ್ಟು ತಿಳಿಯುತ್ತದೆ. ವಿಜಯಪುರ ನಗರದಲ್ಲಿಯೂ, ಅದರ ಆಸುಪಾಸಿನ ತಿಕೋಟಾ, ಬಬಲೇಶ್ವರ ಸೀಮೆಗಳಲ್ಲಿಯೂ ಈಚಿನ ದಶಕಗಳಲ್ಲಿ ಬಹುವಾಗಿ ಕೇಳಿಬರುವ ಮಾತುಗಳಲ್ಲಿ ‘ಅತಿಬಳಕೆ’ ಎಂಬುದೂ ಒಂದು. ಸರಕಾರದ ಕಾಗದಪತ್ರಗಳಲ್ಲಿ, ಒಕ್ಕಲಿಗರ ಸಭೆಗಳಲ್ಲಿ, ಶಾಲೆಯ ಪಾಠಗಳಲ್ಲಿ ಅದು ಕಾಣಿಸುತ್ತದೆ. ಹೆಚ್ಚಾಗಿ ಅದು ಅನ್ವಯಿಸುವುದು ಭೂಮಿಯೊಳಗಣ ನೀರಿಗೆ. ಮೇಲುನೋಟಕ್ಕೆ ಇದು ವಿವರಣೆ ಬೇಡದ ಸರಳ ಪದ. ಆದರೆ ಇದನ್ನು ‘ದುಂದು’ ಎಂಬ ಅರ್ಥದಲ್ಲಿ ಕೆಲವರು, ‘ದುರ್ಬಳಕೆ’ ಎಂಬ ಅರ್ಥದಲ್ಲಿ ಮತ್ತೆ ಕೆಲವರು ಪ್ರಯೋಗಿಸುತ್ತಿರುವುದರಿಂದ ಪದದ ನಿಜಾರ್ಥ ಮಸುಕಾಗಿದೆ. ಅರ್ಥ ಮಸುಕಾದಲ್ಲಿ ತಪ್ಪು ಯಾರದೆಂಬ ನಿರ್ಣಯವೂ ಪರಿಹಾರವೇನೆಂಬ ವಿಚಾರವೂ ದಾರಿ ತಪ್ಪುತ್ತವೆ. ಆದಕಾರಣ ಈ ಪದದ ರಚನೆಯನ್ನೂ ಅದು ಹೆಸರಿಸುವ ವಸ್ತುಸ್ಥಿತಿಯ ಇತಿಹಾಸವನ್ನೂ ಒಟ್ಟಿಗೆ ಪರಿಶೀಲಿಸುವುದು ಉಚಿತವಾಗಿದೆ.

ಪದದ ರಚನೆ

‘ಅತಿಬಳಕೆ’ಯಲ್ಲಿ ಎರಡು ಭಾಗಗಳಿವೆ. ‘ಅತಿ’ ಎಂಬುದು ಸಂಸ್ಕೃತದ ಉಪಸರ್ಗ. ದಾಟಿದುದು, ಮೀರಿದುದು ಎಂದು ಅದರ ಅರ್ಥ. ‘ಬಳಕೆ’ ಎಂಬುದು ಅಚ್ಚಗನ್ನಡ. ‘ಬಳಸು’ ಎಂಬ ಕ್ರಿಯೆಗೆ ಸೇರಿದ ನಾಮಪದ. ಸಂಸ್ಕೃತ ಪದಕ್ಕೂ ಕನ್ನಡ ಪದಕ್ಕೂ ಮಾಡುವ ಸಮಾಸವನ್ನು ಹಳೆಯ ವ್ಯಾಕರಣಕಾರರು ‘ಅರಿಸಮಾಸ’ವೆಂದು ಕರೆದರು. ಹದಿಮೂರನೆಯ ಶತಮಾನದ ಕೇಶಿರಾಜನು ತನ್ನ ‘ಶಬ್ದಮಣಿದರ್ಪಣ’ದಲ್ಲಿ ಇಂತಹ ಸಮಾಸಗಳಿಗೆ ಸುಲಭವಾಗಿ ಒಪ್ಪಿಗೆ ಕೊಡುವುದಿಲ್ಲ. ಆ ಕಟ್ಟುನಿಟ್ಟಿನಿಂದ ನೋಡಿದರೆ ‘ಅತಿಬಳಕೆ’ ಎಂಬುದು ಪಂಡಿತರ ಪಂಕ್ತಿಯಲ್ಲಿ ಹಿಂದೆ ಕೂಡಬೇಕಾದ ಪದ. ಆದರೆ ಭಾಷೆ ಬೆಳೆಯುವುದು ಜನರ ಬಾಯಲ್ಲಿ. ‘ದುರ್ಬಳಕೆ’, ‘ಮರುಬಳಕೆ’, ‘ಅತಿಬಳಕೆ’ ಈ ಮೂರೂ ಇಂದು ನಿತ್ಯವ್ಯವಹಾರದಲ್ಲಿ ನೆಲೆನಿಂತಿವೆ. ಇವುಗಳಲ್ಲಿ ‘ಮರುಬಳಕೆ’ಯೊಂದೇ ಎರಡು ಕಡೆಯಿಂದಲೂ ಕನ್ನಡವಾದುದು.

‘ಬಳಸು’ ಎಂಬ ರೂಪಕ್ಕೆ ಕನ್ನಡದಲ್ಲಿ ಎರಡು ಅರ್ಥವಲಯಗಳಿವೆ. ಸುತ್ತು, ಸುತ್ತುವರಿ ಎಂಬುದೊಂದು. ಬಳಸುದಾರಿ, ಬಳಸಿ ಮಾತನಾಡುವುದು, ತೋಳಿನಿಂದ ಬಳಸುವುದು ಮೊದಲಾದ ಪ್ರಯೋಗಗಳು ಈ ವಲಯದವು. ಉಪಯೋಗಿಸು, ರೂಢಿಯಲ್ಲಿಡು ಎಂಬುದು ಇನ್ನೊಂದು. ಬಳಕೆಯ ಮಾತು, ಬಳಕೆಯ ಪಾತ್ರೆ, ನೆಂಟರಿಷ್ಟರ ಹೊಕ್ಕುಬಳಕೆ ಇವು ಆ ವಲಯದವು. ಮೊದಲನೆಯದಕ್ಕೆ ತಮಿಳಿನಲ್ಲಿ ಸುತ್ತುವುದನ್ನು ಹೇಳುವ ‘ವಳೈ’ ನೆರೆಯದಾದರೆ, ಎರಡನೆಯದಕ್ಕೆ ರೂಢಿಯನ್ನು ಹೇಳುವ ‘ವೞಕ್ಕಂ’ ನೆರೆಯದು. ಆದುದರಿಂದ ಎರಡಕ್ಕೂ ಮೂಲವೊಂದೇ ಎಂದು ಹಟ ಹಿಡಿಯಬೇಕಾದುದಿಲ್ಲ. ಆದರೂ ಒಂದೇ ರೂಪದಲ್ಲಿ ಬಹುಕಾಲ ಒಟ್ಟಿಗೆ ಬಾಳಿದ ಅರ್ಥಗಳು ಒಂದರ ಛಾಯೆಯನ್ನು ಇನ್ನೊಂದು ಪಡೆಯುವುದು ಸಹಜ. ಬಳಸಿದ ಪಾತ್ರೆ ತೊಳೆದ ಮೇಲೆ ಮತ್ತೆ ಒಲೆಗೆ ಬರುತ್ತದೆ. ಹೊಕ್ಕುಬಳಕೆಯಲ್ಲಿ ಕೊಟ್ಟದ್ದು ಮತ್ತೊಂದು ರೂಪದಲ್ಲಿ ಮನೆಗೆ ಮರಳುತ್ತದೆ. ಮರಳಿ ಬರುವಂತೆ ಉಪಯೋಗಿಸುವುದೇ ಬಳಕೆ. ಮರಳದಂತೆ ಮುಗಿಸುವುದು ಬಳಕೆಯಲ್ಲ, ತೀರಿಸುವಿಕೆ. ಈ ಸೂಕ್ಷ್ಮ ಭೇದವು ಮುಂದಿನ ವಿಚಾರಕ್ಕೆ ಅಗತ್ಯವಾದುದು.

ವಿಜಯಪುರ ಸೀಮೆಯ ಮನೆಗಳಲ್ಲಿ ಈ ಪದಕ್ಕೆ ಇನ್ನೊಂದು ವಿಶೇಷ ಪ್ರಯೋಗವಿದೆ. ಅಲ್ಲಿ ನೀರು ಎರಡು ಬಗೆ: ‘ಕುಡಿಯುವ ನೀರು’ ಮತ್ತು ‘ಬಳಸುವ ನೀರು’. ಸವಳುಬಾವಿಯ ನೀರು ಪಾತ್ರೆ ತೊಳೆಯಲು, ಬಟ್ಟೆ ಒಗೆಯಲು, ದನಗಳ ಮೈ ತಿಕ್ಕಲು; ಸಿಹಿನೀರಿನ ಕೊಡ ದೇವರ ಮನೆಯ ಮಗ್ಗುಲಲ್ಲಿ. ಈ ವಿಂಗಡಣೆಯನ್ನು ಪುಟ್ಟ ಮಕ್ಕಳೂ ಬಲ್ಲರು. ನೀರಿಗೆ ತಕ್ಕ ಬಳಕೆ, ಬಳಕೆಗೆ ತಕ್ಕ ನೀರು ಎಂಬ ಈ ವಿವೇಕ ಬರದ ನಾಡು ಕಲಿಸಿದ ಪಾಠ.

ನೆರೆಯ ಪದಗಳು

‘ದುಂದು’ ಎಂದರೆ ಮುಂದಾಲೋಚನೆಯಿಲ್ಲದೆ ಸುರಿಯುವುದು. ದುಂದುಗಾರನ ದೋಷ ಅವನ ಸ್ವಭಾವದಲ್ಲಿದೆ. ‘ಅಪವ್ಯಯ’ ಎಂದರೆ ಪ್ರಯೋಜನವಿಲ್ಲದೆ ಕಳೆಯುವುದು. ನಲ್ಲಿಯನ್ನು ತೆರೆದಿಟ್ಟು ಹೋದರೆ ಅದು ಅಪವ್ಯಯ. ‘ದುರ್ಬಳಕೆ’ ಅಥವಾ ‘ದುರುಪಯೋಗ’ ಎಂದರೆ ಒಂದು ಕಾರ್ಯಕ್ಕೆಂದು ಇಟ್ಟುದನ್ನು ಸಲ್ಲದ ಕಾರ್ಯಕ್ಕೆ ತೊಡಗಿಸುವುದು. ಇಲ್ಲಿ ದೋಷ ಉದ್ದೇಶದಲ್ಲಿದೆ. ‘ಅತಿಬಳಕೆ’ ಈ ಮೂರರಿಂದಲೂ ಭಿನ್ನ. ಬಳಸಿದವನು ದುಂದುಗಾರನಲ್ಲದಿರಬಹುದು, ಒಂದು ಹನಿಯನ್ನೂ ಚೆಲ್ಲದವನಾಗಿರಬಹುದು, ಅವನ ಉದ್ದೇಶವೂ ಶುದ್ಧವಾಗಿರಬಹುದು. ಆದರೂ ಎಲ್ಲರೂ ಕೂಡಿ ತೆಗೆದುಕೊಂಡ ಮೊತ್ತವು ಮೂಲವು ಕೊಡಬಲ್ಲ ಮೊತ್ತವನ್ನು ಮೀರಿದಾಗ ಅದು ಅತಿಬಳಕೆಯೇ. ದೋಷ ಇಲ್ಲಿರುವುದು ಪ್ರಮಾಣದಲ್ಲಿ. ‘ಅತಿಯಾದರೆ ಅಮೃತವೂ ವಿಷ’ ಎಂಬ ಗಾದೆಯೂ ಅಮೃತವನ್ನು ಕೆಟ್ಟದೆನ್ನುವುದಿಲ್ಲ, ಕುಡಿಯುವವನನ್ನೂ ಕೆಟ್ಟವನೆನ್ನುವುದಿಲ್ಲ. ಪ್ರಮಾಣವೊಂದನ್ನೇ ಎತ್ತಿ ಹೇಳುತ್ತದೆ.

ಈ ಭೇದವನ್ನು ಶರಣರು ಬಲು ಹಿಂದೆಯೇ ಕಂಡಿದ್ದರು. ಆಯ್ದಕ್ಕಿ ಮಾರಯ್ಯ–ಲಕ್ಕಮ್ಮ ದಂಪತಿಗಳ ಕಥೆ ಭಕ್ತರಿಗೆಲ್ಲ ಪರಿಚಿತವಾದುದು. ರಾಯಚೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಮಾರಯ್ಯನು ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತಂದು ಜಂಗಮದಾಸೋಹ ನಡೆಸುತ್ತಿದ್ದನು. ಒಂದು ದಿನ ಎಂದಿನ ಪ್ರಮಾಣಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನು ಅದನ್ನು ಒಪ್ಪದೆ, ಮಿಕ್ಕುದನ್ನು ಮೊದಲಿದ್ದಲ್ಲಿಯೇ ಸುರಿದು ಬರುವಂತೆ ಗಂಡನಿಗೆ ಹೇಳಿದಳೆಂದು ಸಂಪ್ರದಾಯವು ತಿಳಿಸುತ್ತದೆ. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಆ ಅಕ್ಕಿ ಕದ್ದುದಲ್ಲ. ಪೋಲು ಮಾಡಲು ತಂದುದೂ ಅಲ್ಲ. ದಾಸೋಹವೆಂಬ ಅತ್ಯುತ್ತಮ ಕಾರ್ಯಕ್ಕಾಗಿಯೇ ತಂದುದು. ಲಕ್ಕಮ್ಮನ ಆಕ್ಷೇಪವಿದ್ದುದು ಅಂದಿನ ಅಗತ್ಯವನ್ನು ಮೀರಿದ ಪ್ರಮಾಣಕ್ಕೆ ಮಾತ್ರ. ಸತ್ಕಾರ್ಯವೆಂಬ ಕಾರಣದಿಂದ ಅತಿಯು ಶುದ್ಧವಾಗುವುದಿಲ್ಲವೆಂಬ ನಿಲುವು ಅಲ್ಲಿ ಸ್ಪಷ್ಟವಾಗಿದೆ. ಹೀಗೆ ‘ಅತಿಬಳಕೆ’ ಎಂಬ ಪದ ಹೊಸದಾದರೂ ಅದರ ಅರ್ಥ ಈ ನಾಡಿಗೆ ಹೊಸದಲ್ಲ.

ಕಣ್ಣಿಗೆ ಕಾಣುತ್ತಿದ್ದ ನೀರು

ವಿಜಯಪುರವು ಗಡಸು ಕರಿಕಲ್ಲಿನ ಮೇಲೆ ನಿಂತ ಊರು. ದಖ್ಖನದ ಈ ಬಸಾಲ್ಟ್ ಶಿಲೆಯಲ್ಲಿ ನೀರು ಎಲ್ಲೆಡೆ ನಿಲ್ಲುವುದಿಲ್ಲ. ಮೇಲಿನ ಸವೆದ ಪದರದಲ್ಲಿಯೂ ಕಲ್ಲಿನ ಸೀಳುಗಳಲ್ಲಿಯೂ ಮಾತ್ರ ಸೇರಿಕೊಳ್ಳುತ್ತದೆ. ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರು, ಅದೂ ನಂಬಿಕೆಯದಲ್ಲ. ಇಂತಹ ನೆಲದಲ್ಲಿ ಆದಿಲ್‌ಶಾಹಿಗಳು ಸುಮಾರು ಇನ್ನೂರು ವರ್ಷ ರಾಜಧಾನಿಯನ್ನು ನಡೆಸಿದರೆಂಬುದು ಸಣ್ಣ ಸಂಗತಿಯಲ್ಲ.

ಒಂದನೆಯ ಅಲಿ ಆದಿಲ್‌ಶಾಹನ ಕಾಲದಲ್ಲಿ (1557–1580) ನಗರದ ಪಶ್ಚಿಮಕ್ಕಿರುವ ತೊರವೆಯಿಂದ ನೆಲದೊಳಗಿನ ಕಾಲುವೆಯ ಮೂಲಕ ನೀರು ತರುವ ಕಾರ್ಯ ನಡೆಯಿತು. ಕುಮಾರವಾಲ್ಮೀಕಿಯು ‘ತೊರವೆ ರಾಮಾಯಣ’ವನ್ನು ಅಂಕಿತಗೊಳಿಸಿದ ನರಸಿಂಹನ ತೊರವೆಯೇ ಇದು. 1579ರಲ್ಲಿ ಚಾಂದಬೀಬಿಯ ಹೆಸರಿನ ಚಾಂದ ಬಾವಡಿಯೂ, 1620ರಲ್ಲಿ ಎರಡನೆಯ ಇಬ್ರಾಹಿಮನ ರಾಣಿ ತಾಜ್ ಸುಲ್ತಾನಳ ಹೆಸರಿನ ತಾಜ್ ಬಾವಡಿಯೂ ಸಿದ್ಧವಾದವು. ಮಹಮ್ಮದ್ ಆದಿಲ್‌ಶಾಹನು 1651ರಲ್ಲಿ ಬೇಗಂ ತಲಾಬನ್ನು ಕಟ್ಟಿಸಿದನು. ಅಲ್ಲಿಂದ ನೆಲದಾಳದಲ್ಲಿ ಹೂಳಿದ ಮಣ್ಣಿನ ಕೊಳವೆಗಳಲ್ಲಿ, ಸುತ್ತ ಗಾರೆಯ ಕಟ್ಟಡದ ರಕ್ಷಣೆಯೊಂದಿಗೆ, ನೀರು ನಗರಕ್ಕೆ ಹರಿಯುತ್ತಿದ್ದಿತು. ದಾರಿಯುದ್ದಕ್ಕೂ 25ರಿಂದ 40 ಅಡಿ ಎತ್ತರದ ‘ಗಂಜ್’ ಎಂಬ ಗೋಪುರಗಳಿದ್ದವು. ಇವು ನೀರಿನ ಒತ್ತಡವನ್ನು ತಗ್ಗಿಸಿ ಕೊಳವೆ ಒಡೆಯದಂತೆ ಕಾಯುತ್ತಿದ್ದವು. ಕಸಮಣ್ಣು ತಳದಲ್ಲಿ ನಿಂತು ತಿಳಿನೀರು ಮುಂದೆ ಹರಿಯುತ್ತಿದ್ದಿತು. ಅದೇ ಅರಸನ ಕಾಲದ ದೊಡ್ಡ ಕೆರೆಯೊಂದು ಬಬಲೇಶ್ವರ ಸೀಮೆಯ ಮಮದಾಪುರದಲ್ಲಿದೆ.

ಈ ನಿರ್ಮಾಣಗಳ ಶಿಲ್ಪಸೌಂದರ್ಯವನ್ನು ಅನೇಕರು ವರ್ಣಿಸಿದ್ದಾರೆ. ಪ್ರಕೃತ ವಿಷಯಕ್ಕೆ ಮುಖ್ಯವಾದುದು ಬೇರೊಂದು ಗುಣ. ಕೆರೆ, ಬಾವಡಿಗಳ ನೀರು ಎಲ್ಲರ ಕಣ್ಣಿಗೆ ಕಾಣುತ್ತಿದ್ದಿತು. ಬಾವಡಿಯ ಮೆಟ್ಟಿಲುಗಳು ಇಳಿಯಲು ಮಾತ್ರವಲ್ಲ, ಅಳೆಯಲೂ ಒದಗುತ್ತಿದ್ದವು. ಯುಗಾದಿಯ ಹೊತ್ತಿಗೆ ಎಷ್ಟು ಮೆಟ್ಟಿಲು ತೆರೆದಿವೆಯೆಂಬುದನ್ನು ನೀರಿಗೆ ಬಂದವರು ತಾವಾಗಿಯೇ ಕಾಣಬಹುದಾಗಿದ್ದಿತು. ಎತ್ತು ಹೂಡಿ ಕಪಿಲೆಯಿಂದ ನೀರೆತ್ತುವ ಹೊಲದ ಬಾವಿಯಲ್ಲಿಯೂ ಹಾಗೆಯೇ. ಎತ್ತಿನ ದಣಿವೂ ಬಾವಿಯ ತಳವೂ ಬಳಕೆಗೆ ಮೇರೆ ಹಾಕುತ್ತಿದ್ದವು. ಸಂಜೆಗೆ ತಳ ಕಂಡ ಬಾವಿಯನ್ನು ಬೆಳಗಿನವರೆಗೆ ಬಿಡಲೇಬೇಕು. ಇರುಳು ಒರತೆ ತುಂಬಿದಷ್ಟೇ ಮರುದಿನದ ಪಾಲು. ಮಿತಿಯು ಉಪದೇಶದಿಂದ ಬಂದುದಲ್ಲ, ಉಪಕರಣದಲ್ಲಿಯೇ ಅಡಗಿದ್ದಿತು.

ಇದರಿಂದ ಹಿಂದಿನ ಕಾಲವೆಲ್ಲ ಸುಭಿಕ್ಷವಾಗಿತ್ತೆಂದು ಭಾವಿಸಲಾಗದು. 1686ರಲ್ಲಿ ನಗರವು ಮೊಗಲರ ಕೈಸೇರಿದ ಬಳಿಕ ನೀರಿನ ವ್ಯವಸ್ಥೆ ಆರೈಕೆಯಿಲ್ಲದೆ ಶಿಥಿಲವಾಯಿತು. 1876–78ರ ಭೀಕರ ಬರದಲ್ಲಿ ಈ ಸೀಮೆ ಪಟ್ಟ ಪಾಡು ಹೇಳತೀರದು. ಆಗ ವಿಜಯಪುರವು ಕಲಾದಗಿ ಜಿಲ್ಲೆಗೆ ಸೇರಿದ್ದಿತು. 1872ರ ಗಣತಿಯಲ್ಲಿ 8 ಲಕ್ಷ ಮೀರಿದ್ದ ಆ ಜಿಲ್ಲೆಯ ಜನಸಂಖ್ಯೆ 1881ರಲ್ಲಿ ಸುಮಾರು 6 ಲಕ್ಷ 40 ಸಾವಿರಕ್ಕೆ ಇಳಿದಿದ್ದಿತು. ಮಿತವಾಗಿ ಬಳಸಿದವರೂ ಬರಕ್ಕೆ ತುತ್ತಾದರು. ನೀರಿನ ಕೊರತೆ ಬೇರೆ, ಅತಿಬಳಕೆ ಬೇರೆ. ಮೊದಲನೆಯದು ಮುಗಿಲು ತರುವ ಕಷ್ಟ, ಎರಡನೆಯದು ಮನುಷ್ಯನು ತಂದುಕೊಳ್ಳುವ ಕಷ್ಟ. ಮೊದಲನೆಯದರ ಭಯವೇ ಎರಡನೆಯದಕ್ಕೆ ದಾರಿಯಾದುದು ಈ ಸೀಮೆಯ ಇತಿಹಾಸದ ಒಂದು ವಿಪರ್ಯಾಸ.

ಜೋಳದಿಂದ ದ್ರಾಕ್ಷಿಗೆ

ತಿಕೋಟಾ, ಬಬಲೇಶ್ವರ ಸೀಮೆಗಳ ಹಳೆಯ ಒಕ್ಕಲುತನ ಹಿಂಗಾರಿ ಬಿಳಿಜೋಳದ್ದು. ಎರೆಭೂಮಿ ಮಳೆಗಾಲದಲ್ಲಿ ಕುಡಿದ ನೀರನ್ನು ಒಡಲಲ್ಲಿಟ್ಟುಕೊಂಡು ಚಳಿಗಾಲದಲ್ಲಿ ಬೆಳೆಗೆ ಉಣಿಸುತ್ತದೆ. ‘ಡೋಣಿ ಬೆಳೆದರೆ ಓಣಿಯೆಲ್ಲ ಜೋಳ’ ಎಂಬ ಗಾದೆ ಡೋಣಿ ಹೊಳೆಯ ದಂಡೆಯ ಈ ನೆಲದ ಸತ್ತ್ವವನ್ನು ಸಾರುತ್ತದೆ. ಹೊಳೆಯ ನೀರು ಉಪ್ಪಾದರೂ ದಂಡೆಯ ಮಣ್ಣು ಅನ್ನ ಕೊಟ್ಟಿತು. 1930ರ ದಶಕದಲ್ಲಿ ವಿಜಯಪುರದಲ್ಲಿ ಒಣಬೇಸಾಯದ ಸಂಶೋಧನೆ ಆರಂಭವಾದಾಗಲೂ, ಒಡ್ಡು ಹಾಕಿ ಬಿದ್ದ ಮಳೆಯನ್ನು ಬಿದ್ದಲ್ಲಿಯೇ ಇಂಗಿಸಬೇಕೆಂಬುದೇ ಅದರ ಮುಖ್ಯ ಸಾರವಾಗಿದ್ದಿತು.

1972ರ ಬರದ ತರುವಾಯ ಕೊರೆಯುವ ಯಂತ್ರಗಳು ಹಳ್ಳಿಗಳನ್ನು ಹೊಕ್ಕವು. ಮೊದಲು ಕುಡಿಯುವ ನೀರಿಗಾಗಿ ಕೈಪಂಪಿನ ಕೊಳವೆಬಾವಿ. ಬಳಿಕ ಹೊಲಕ್ಕೆ ವಿದ್ಯುತ್ ಪಂಪಿನ ಕೊಳವೆಬಾವಿ. ಇದರ ಬೆನ್ನಿಗೆ ದ್ರಾಕ್ಷಿ ಬಂದಿತು. ಈ ಒಣಹವೆ ದ್ರಾಕ್ಷಿಗೆ ಹಿತವಾದುದು. ಏಪ್ರಿಲ್ ಹಾಗೂ ಅಕ್ಟೋಬರಿನಲ್ಲಿ ಚಾಟ್ನಿ ಮಾಡಿ, ಬೇಸಗೆಯ ಮೊದಲಲ್ಲಿ ಹಣ್ಣು ಕೊಯ್ದು, ಶೆಡ್ಡಿನ ಬಲೆಗಳ ಮೇಲೆ ಹರವಿ ಒಣದ್ರಾಕ್ಷಿ ಮಾಡುವ ಉದ್ಯೋಗ ತಿಕೋಟಾದ ಸುತ್ತ ಬೇರುಬಿಟ್ಟಿತು. ಬರದ ಊರೆಂದು ಹೆಸರಾದ ಹಳ್ಳಿಗಳಲ್ಲಿ ಮಕ್ಕಳ ವಿದ್ಯೆಗೆ, ಮನೆ ಕಟ್ಟಲು, ಸಾಲ ತೀರಿಸಲು ಇದರಿಂದ ಅನುಕೂಲವಾಯಿತು. ಇದನ್ನು ಮರೆತು ಒಕ್ಕಲಿಗನನ್ನು ದೂಷಿಸುವುದು ನ್ಯಾಯವಲ್ಲ.

ದ್ರಾಕ್ಷಿಯ ತೋಟಗಳಲ್ಲಿ ನೀರು ಹರಿಯುವುದು ಹೆಚ್ಚಾಗಿ ಹನಿ ನೀರಾವರಿಯಿಂದ. ಬಳ್ಳಿಯ ಬುಡಕ್ಕೆ ತೊಟ್ಟುತೊಟ್ಟಾಗಿ ಅಳೆದು ಕೊಡುವವನನ್ನು ದುಂದುಗಾರನೆಂದು ಯಾರೂ ಕರೆಯಲಾರರು. ಆದರೂ ಕೊಳವೆಬಾವಿಗಳು ಬತ್ತಿದವು. ಬತ್ತಿದಾಗ ಮತ್ತಷ್ಟು ಆಳಕ್ಕೆ ಕೊರೆಸಿದರು. ಬರದ ವರ್ಷಗಳಲ್ಲಿ ಟ್ಯಾಂಕರಿನಿಂದ ನೀರು ಕೊಂಡು ಬಳ್ಳಿಯ ಜೀವ ಉಳಿಸಿದರು. ಹನಿಯಲ್ಲಿ ಉಳಿಸಿದ ನೀರಿನಿಂದ ತೋಟ ವಿಸ್ತಾರವಾದರೆ ಒಟ್ಟು ಮೊತ್ತ ತಗ್ಗುವುದಿಲ್ಲ. ಜೋಳವು ಮಳೆ ಸೋತ ವರ್ಷ ಹೊಲವನ್ನು ಬೀಳುಬಿಡಲು ಅವಕಾಶ ಕೊಡುತ್ತಿದ್ದಿತು. ದ್ರಾಕ್ಷಿಬಳ್ಳಿ ಹಾಗಲ್ಲ, ವರ್ಷಗಟ್ಟಲೆ ಬಾಳುವ ಅದಕ್ಕೆ ಬರದ ವರ್ಷವೂ ನೀರು ಬೇಕೇ ಬೇಕು. 2008ರಿಂದ 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪುಗಳಿಗೆ ರಾಜ್ಯದಲ್ಲಿ ಉಚಿತ ವಿದ್ಯುತ್ತು ದೊರೆತುದು ಸಣ್ಣ ಹಿಡುವಳಿದಾರರಿಗೆ ಆಸರೆಯಾಯಿತು. ಅದರೊಂದಿಗೆ ನೀರೆತ್ತುವ ವೆಚ್ಚವು ಹಾಕುತ್ತಿದ್ದ ಕೊನೆಯ ಮೇರೆಯೂ ಅಳಿಯಿತು. ದುಂದಿಲ್ಲದೆಯೂ ಅತಿಬಳಕೆ ಸಾಧ್ಯವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಲೆಕ್ಕದ ಪದವಾದ ಬಗೆ

ಅಂತರ್ಜಲದ ಅಧಿಕೃತ ಮೌಲ್ಯಮಾಪನದಲ್ಲಿ ಈ ಪದಕ್ಕೆ ಖಚಿತವಾದ ಅಳತೆ ಏರ್ಪಟ್ಟಿದೆ. ಒಂದು ಪ್ರದೇಶದ ನೆಲದಿಂದ ವರ್ಷಕ್ಕೆ ತೆಗೆಯಬಹುದಾದ ನೀರನ್ನು 100 ಎಂದು ಇಟ್ಟುಕೊಂಡು, ವಾಸ್ತವವಾಗಿ ತೆಗೆದ ನೀರನ್ನು ಅದಕ್ಕೆ ಹೋಲಿಸುತ್ತಾರೆ. 70ರವರೆಗೆ ‘ಸುರಕ್ಷಿತ’; 70ರಿಂದ 90ರವರೆಗೆ ಸಂಕಷ್ಟದ ಮೊದಲ ಹಂತ; 90ರಿಂದ 100ರವರೆಗೆ ಅದರ ಕಡೆಯ ಹಂತ; 100ನ್ನು ದಾಟಿದರೆ ‘ಅತಿಬಳಕೆ’. ರಾಜ್ಯದಲ್ಲಿ 2011ರ ಅಂತರ್ಜಲ ಕಾಯಿದೆಯು ಅಧಿಸೂಚಿತ ಪ್ರದೇಶಗಳಲ್ಲಿ ಬಾವಿ ತೋಡಲು ಅನುಮತಿ ಪಡೆಯಬೇಕೆಂದು ವಿಧಿಸುತ್ತದೆ.

ಈ ಅಳತೆಯ ಅರ್ಥವನ್ನು ಮನೆಯ ಕಣಜದ ದೃಷ್ಟಾಂತದಿಂದ ತಿಳಿಯಬಹುದು. ವರ್ಷಕ್ಕೆ 100 ಚೀಲ ಬೆಳೆಯುವ ಮನೆ 100 ಚೀಲ ಉಂಡರೆ ಕಣಜ ಇದ್ದಂತೆಯೇ ಇರುತ್ತದೆ. 120 ಚೀಲ ಉಂಡರೆ ಹೆಚ್ಚಿನ 20 ಚೀಲ ಬಂದುದು ಹಿರಿಯರು ಕೂಡಿಟ್ಟ ರಾಶಿಯಿಂದ. ಮೊದಲ ವರ್ಷ ಅದು ತಿಳಿಯುವುದಿಲ್ಲ. ತುಂಬಿದ ಕಣಜ ಧೈರ್ಯ ಕೊಡುತ್ತದೆ. ಕರಿಕಲ್ಲಿನ ಆಳದ ಸೀಳುಗಳಲ್ಲಿ ಬಹುಕಾಲದಿಂದ ಸೇರಿದ ನೀರು ಇಂತಹ ಕೂಡಿಟ್ಟ ರಾಶಿ. ಇನ್ನು 100 ಪಾಲಿನ ನೀರಿನಲ್ಲಿ 50 ಬಾವಿಗಳು ಎರಡೆರಡು ಪಾಲು ತೆಗೆದಾಗ ಲೆಕ್ಕ ಸರಿಹೊಂದುತ್ತದೆ. ಅಷ್ಟೇ ಮಿತದಿಂದ ಬಳಸುವ ಇನ್ನೂ 20 ಬಾವಿಗಳು ಬಂದರೆ ಮೊತ್ತ 140 ಆಗುತ್ತದೆ. ಅವರಲ್ಲಿ ಯಾರೊಬ್ಬರೂ ನಿನ್ನೆಗಿಂತ ಹೆಚ್ಚು ತೆಗೆದಿಲ್ಲ. ಆದರೆ ಎಲ್ಲರೂ ಕೂಡಿ ಮೇರೆ ದಾಟಿದ್ದಾರೆ. ಬಾವಡಿಯ ಮೆಟ್ಟಿಲಿನಂತೆ ಇದು ಕಣ್ಣಿಗೆ ಕಾಣದು. ಆರಿಂಚಿನ ಕೊಳವೆಯೊಳಗೆ ನೀರು ಎಷ್ಟು ಇಳಿದಿದೆಯೆಂಬುದು ಪಂಪು ಗಾಳಿಯನ್ನೇ ಉಗುಳುವ ದಿನದವರೆಗೆ ಗುಪ್ತವಾಗಿರುತ್ತದೆ.

ಕಾಲುವೆ ಬಂದ ಮೇಲೆ

ತಿಕೋಟಾ ಮತ್ತು ಬಬಲೇಶ್ವರಗಳು 2018ರಲ್ಲಿ ಪ್ರತ್ಯೇಕ ತಾಲ್ಲೂಕುಗಳಾದವು. ಅದೇ ದಶಕದಲ್ಲಿ ಕೃಷ್ಣೆಯ ನೀರನ್ನು ಎತ್ತಿ ತರುವ ತುಬಚಿ–ಬಬಲೇಶ್ವರ ಏತ ನೀರಾವರಿ ಯೋಜನೆ ಈ ಸೀಮೆಯಲ್ಲಿ ರೂಪುಗೊಂಡಿತು. ಕೆರೆ ತುಂಬುವ ಕಾರ್ಯವೂ ನಡೆಯಿತು. ಒಣಗಿದ ಕೆರೆಗಳಲ್ಲಿ ನೀರು ನಿಂತಾಗ ಸುತ್ತಲಿನ ಬಾವಿಗಳಿಗೆ ಒರತೆ ಬರುವುದನ್ನು ಜನ ಕಣ್ಣಾರೆ ಕಂಡರು. ತಲೆಮಾರುಗಳಿಂದ ಮುಗಿಲು ನೋಡಿ ಬಾಳಿದವರಿಗೆ ಇದು ಧನ್ಯತೆಯ ಗಳಿಗೆ.

ಆದರೆ ನೀರು ಬಂದಲ್ಲಿ ‘ಅತಿಬಳಕೆ’ ಎಂಬ ಪದದ ಕೆಲಸ ಮುಗಿಯುವುದಿಲ್ಲ. ಅದು ಮತ್ತೊಂದು ಮುಖವನ್ನು ತೋರಿಸುತ್ತದೆ. ಎರೆಭೂಮಿ ನೀರನ್ನು ಹಿಡಿದಿಡುತ್ತದೆಯೇ ಹೊರತು ಬೇಗ ಬಸಿದು ಬಿಡುವುದಿಲ್ಲ. ಕಾಲುವೆಯ ನೀರನ್ನು ಮೇರೆ ಮೀರಿ ಹಾಯಿಸಿದರೆ ಕೆಳಗಣ ನೀರು ಮೇಲಕ್ಕೇರಿ ಬೇರನ್ನು ಕೊಳೆಸುತ್ತದೆ. ಬಿಸಿಲಿಗೆ ನೀರು ಆವಿಯಾಗಿ ಉಪ್ಪು ಮೇಲ್ಮಣ್ಣಿನಲ್ಲಿ ನಿಲ್ಲುತ್ತದೆ. ಕೃಷ್ಣಾತೀರದ ನೀರಾವರಿ ಊರುಗಳಲ್ಲಿ ‘ಸವಳು–ಜವಳು’ ಎಂಬ ಜೋಡಿಪದ ಮನೆಮಾತಾಗಿರುವುದು ಇದೇ ಕಾರಣದಿಂದ. ಒಂದು ಕಡೆ ನೆಲದಿಂದ ಅತಿಯಾಗಿ ತೆಗೆದ ದೋಷ, ಇನ್ನೊಂದು ಕಡೆ ನೆಲಕ್ಕೆ ಅತಿಯಾಗಿ ಹಾಕಿದ ದೋಷ. ಬತ್ತಿದ ಕೊಳವೆಬಾವಿಗೆ ಮಳೆಯಿಂದಾದರೂ ಮರುಜೀವ ಬರಬಹುದು. ಉಪ್ಪುಗಟ್ಟಿದ ಎರೆಹೊಲ ಮರಳಿ ಜೋಳ ಕೊಡಲು ಬಸಿಗಾಲುವೆಗಳ ವೆಚ್ಚವೂ ವರ್ಷಗಳ ತಾಳ್ಮೆಯೂ ಬೇಕು. ಓಣಿಯೆಲ್ಲ ಜೋಳ ತುಂಬಿದ ನೆಲವೇ ಇಲ್ಲಿ ಪಣಕ್ಕಿದೆಯೆಂಬುದನ್ನು ಮರೆಯಬಾರದು.

ಈ ಪದದ ಪರಿಶೀಲನೆಯಿಂದ ಎರಡು ಸಂಗತಿಗಳು ವಿಶದವಾಗುತ್ತವೆ. ಒಂದು, ಅತಿಬಳಕೆಯು ಒಬ್ಬನ ದುರ್ಗುಣದ ಹೆಸರಲ್ಲ. ಊರಿನ ಲೆಕ್ಕ ತಪ್ಪಿದ ಸ್ಥಿತಿಯ ಹೆಸರು. ಆದುದರಿಂದ ಒಬ್ಬೊಬ್ಬನಿಗೆ ಮಿತವ್ಯಯವನ್ನು ಬೋಧಿಸಿದ ಮಾತ್ರಕ್ಕೆ ಅದು ನಿವಾರಣೆಯಾಗದು. ಒಂದೇ ಶಿಲಾಪದರದಿಂದ ನೀರುಣ್ಣುವವರು ಕೂಡಿ ಕುಳಿತು, ಈ ವರ್ಷದ ಮಳೆಗೆ ಎಷ್ಟು ಬಾವಿ, ಎಷ್ಟು ಬಳ್ಳಿ ಎಂದು ಎಣಿಸಬೇಕಾಗುತ್ತದೆ. ಎರಡು, ಮಿತಿಯು ಕಣ್ಣಿಗೆ ಕಾಣುವಂತಿರಬೇಕು. ತಾಜ್ ಬಾವಡಿಯಂತಹ ಹಳೆಯ ಬಾವಡಿಗಳ ಹೂಳು ತೆಗೆಸುವ ಕಾರ್ಯ ಈಚಿನ ವರ್ಷಗಳಲ್ಲಿ ನಡೆದಿರುವುದು ಸ್ತುತ್ಯ. ಅವುಗಳ ಮೆಟ್ಟಿಲುಗಳನ್ನು ಓದುವ ರೂಢಿಯೂ ಮರಳಿದರೆ ಆ ಶ್ರಮ ಪೂರ್ಣ ಸಾರ್ಥಕವಾಗುತ್ತದೆ.

ತಿಕೋಟಾ ತಾಲ್ಲೂಕಿನ ಬಿಜ್ಜರಗಿಯಲ್ಲಿ ಜನಿಸಿ ವಿಜಯಪುರದ ಜ್ಞಾನಯೋಗಾಶ್ರಮದಲ್ಲಿ ಬಾಳಿದ ಶ್ರೀ ಸಿದ್ಧೇಶ್ವರ ಸ್ವಾಮಿಗಳು ಜೇಬಿಲ್ಲದ ಅಂಗಿಯನ್ನು ತೊಡುತ್ತಿದ್ದುದನ್ನು ಈ ಸೀಮೆಯವರೆಲ್ಲ ಬಲ್ಲರು. 2023ರ ಜನವರಿ 2ರಂದು ಲಿಂಗೈಕ್ಯರಾದಾಗ, ತಮಗಾಗಿ ಸ್ಮಾರಕವೊಂದನ್ನೂ ಕಟ್ಟಬಾರದೆಂಬ ಅವರ ಬರೆಹ ಜನರ ಮುಂದಿದ್ದಿತು. ತುಂಬಿಕೊಳ್ಳಲು ಸ್ಥಳವನ್ನೇ ಇಟ್ಟುಕೊಳ್ಳದ ಅಂಗಿಯೂ, ಮಿಕ್ಕ ಅಕ್ಕಿಯನ್ನು ಅಂಗಳಕ್ಕೆ ಮರಳಿ ಸುರಿಯಲು ಹೇಳಿದ ಲಕ್ಕಮ್ಮನ ಮಾತೂ ಒಂದೇ ಅರ್ಥವನ್ನು ಹೇಳುತ್ತವೆ. ಆ ಅರ್ಥ ಬಾವಿಕಟ್ಟೆಯ ಮಾತಿಗೂ ತೋಟದ ಲೆಕ್ಕಕ್ಕೂ ಇಳಿದು ಬಂದ ದಿನ ‘ಅತಿಬಳಕೆ’ ಎಂಬ ಪದವು ಕಾಗದಪತ್ರಗಳಲ್ಲಿ ಅಪರೂಪವಾದೀತು. ‘ಬಳಕೆ’ ಎಂಬ ತಾಯಿಪದವೊಂದೇ ಸಾಕಾದೀತು.